ಗಂಟಲ ಗಡ್ಡೆ ಮತ್ತು ಮೂರನೇ ನಂಬರಿನ ರಿಪೋರ್ಟು

ಥೈರಾಯ್ಡ್ ಗಡ್ಡೆಗೆ ಸೂಜಿ ಹಾಕಿ ಪರೀಕ್ಷೆ ಮಾಡಿದರೆ ಎರಡರಲ್ಲಿ ಒಂದು ಉತ್ತರ ಸಿಗುತ್ತದೆ ಅಂತ ನಾವೆಲ್ಲ ತಿಳಿದಿರುತ್ತೇವೆ. ಕ್ಯಾನ್ಸರ್ ಇದೆ, ಇಲ್ಲಾಂದ್ರೆ ಇಲ್ಲ. ಇನ್ನೊಂದು ಉತ್ತರವೂ ಬರುತ್ತದೆ: ಈಗ ಹೇಳೋಕಾಗಲ್ಲ. ನನಗೆ ಬಂದಿದ್ದು ಅದು. ಮತ್ತೊಮ್ಮೆ ಪರೀಕ್ಷೆ ಮಾಡಿಸಿದಾಗಲೂ ಅದೇ ಬಂತು. ಅಂಥ ರಿಪೋರ್ಟು ಕೈಯಲ್ಲಿಟ್ಟುಕೊಂಡು ಮುಂದೇನು ಮಾಡಬೇಕು, ದಿನ ಹೇಗೆ ಕಳೆಯಬೇಕು ಅಂತ ಹೇಳುವವರು ನನಗೆ ತುಂಬಾ ತಡವಾಗಿ ಸಿಕ್ಕರು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ತೀರ್ಥಹಳ್ಳಿ ತಾಲೂಕಿನ ಹಳ್ಳಿ. ನಾನು ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಮನೆಯಲ್ಲಿ ಅಡಿಕೆ ತೋಟ, ಅತ್ತೆ, ಯಜಮಾನರು, ಪಿಯುಸಿ ಓದುವ ಮಗಳು. ಬೇಸಿಗೆ ರಜೆಗೆ ಸ್ವಲ್ಪ ಮುಂಚೆ ಶಾಲೆಯಲ್ಲಿ ಊಟ ಮುಗಿಸಿ ನೀರು ಕುಡಿಯುತ್ತಿದ್ದೆ. ಎದುರು ಕೂತಿದ್ದ ಮೇಡಂ, “ನುಂಗುವಾಗ ನಿಮ್ಮ ಗಂಟಲಲ್ಲಿ ಎಂತದೋ ಮೇಲೆ ಹೋಗಿ ಕೆಳಗೆ ಬಂತಲ್ರೀ” ಅಂದರು. ಥೈರಾಯ್ಡ್ ಗ್ರಂಥಿಯಲ್ಲಿರುವ ಗಡ್ಡೆಯ ಗುರುತೇ ಅದು. ಗ್ರಂಥಿ ಶ್ವಾಸನಾಳಕ್ಕೆ ಅಂಟಿಕೊಂಡಿರುವುದರಿಂದ ನುಂಗಿದಾಗ ಅದೂ ಜೊತೆಗೆ ಏರುತ್ತದೆ. ನೋವಿರಲಿಲ್ಲ. ಧ್ವನಿ ಬದಲಾಗಿರಲಿಲ್ಲ. ಊಟ ಸೇರುತ್ತಿತ್ತು.

ಮೊದಲು ರಕ್ತ ಪರೀಕ್ಷೆ. ಟಿಎಸ್‌ಎಚ್ 2.1 ಬಂತು, ನಾರ್ಮಲ್. ಬಹಳ ಜನ ಇಲ್ಲೇ ನಿಲ್ಲುತ್ತಾರೆ. ‘ಥೈರಾಯ್ಡ್ ನಾರ್ಮಲ್ ಅಂತೆ’ ಅಂತ ಚೀಟಿ ಮಡಚಿಟ್ಟುಬಿಡುತ್ತಾರೆ. ಆದರೆ ಆ ಪರೀಕ್ಷೆ ಹೇಳುವುದು ಗ್ರಂಥಿ ಸರಿಯಾಗಿ ಕೆಲಸ ಮಾಡುತ್ತಿದೆಯಾ ಅನ್ನೋದನ್ನು ಮಾತ್ರ. ಗಡ್ಡೆ ಎಂಥದ್ದು ಅನ್ನೋದು ಅದರಲ್ಲಿ ಗೊತ್ತಾಗುವುದಿಲ್ಲ. ಕ್ಯಾನ್ಸರ್ ಇರುವ ಗಡ್ಡೆಯಿದ್ದರೂ ಟಿಎಸ್‌ಎಚ್ ಸರಿಯಾಗೇ ಇರಬಹುದು. ನಮ್ಮೂರ ಡಾಕ್ಟರು ಇದನ್ನು ಬಿಡಿಸಿ ಹೇಳಿ, “ಶಿವಮೊಗ್ಗಕ್ಕೆ ಹೋಗಿ ಕುತ್ತಿಗೆ ಸ್ಕ್ಯಾನ್ ಮಾಡಿಸ್ಕೊಂಡು ಬನ್ನಿ” ಅಂದರು.

ಸ್ಕ್ಯಾನಿನಲ್ಲಿ ಬಲಭಾಗದಲ್ಲಿ 26 ಮಿಲಿಮೀಟರ್ ಉದ್ದದ ಒಂದು ಗಟ್ಟಿ ಗಡ್ಡೆ ಕಂಡಿತು. ಟೈರಾಡ್ಸ್ 3 ಅಂತ ಬರೆದಿದ್ದರು. ಗಡ್ಡೆಯ ಒಳಗೆ ನೀರಿದೆಯಾ, ಗಟ್ಟಿಯಾ, ಅಂಚು ನುಣುಪಾಗಿದೆಯಾ, ಸುಣ್ಣದ ಚುಕ್ಕಿಗಳಿವೆಯಾ, ಅಗಲಕ್ಕಿಂತ ಎತ್ತರ ಜಾಸ್ತಿ ಇದೆಯಾ ಅಂತ ನೋಡಿ ಅಂಕ ಹಾಕುವ ಲೆಕ್ಕ ಅದು. 1ರಿಂದ 5ರವರೆಗೆ ಇರುತ್ತದೆ. 3 ಅಂದರೆ ಅನುಮಾನ ಕಮ್ಮಿ. ಆ ಲೆಕ್ಕದಲ್ಲಿ 3 ಬಂದರೆ 25 ಮಿಲಿಮೀಟರ್ ದಾಟಿದ ಮೇಲೇ ಸೂಜಿ ಪರೀಕ್ಷೆ ಮಾಡಿಸಿ ಅನ್ನುತ್ತಾರೆ. ನನ್ನದು ಅದನ್ನು ಚೂರು ದಾಟಿತ್ತು.

ಸೂಜಿ ಪರೀಕ್ಷೆಯ ಹೆಸರು ಎಫ್‌ಎನ್‌ಎಸಿ. ಇದಕ್ಕೆ ಹೆದರಿ ಮುಂದೂಡುವವರು ತುಂಬಾ ಜನ ಇರುವುದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮಲಗಿಸಿ ಹೆಗಲ ಕೆಳಗೆ ದಿಂಬು ಕೊಟ್ಟು ತಲೆಯನ್ನು ಹಿಂದಕ್ಕೆ ಬಾಗಿಸಿದರು. ಕಣ್ಣಿಗೆ ಕಾಣುತ್ತಿದ್ದದ್ದು ಫ್ಯಾನ್ ಒಂದೇ. “ಈಗ ಉಗುಳು ನುಂಗಬೇಡಿ, ಮಾತಾಡಬೇಡಿ” ಅಂದರು. ಹಾಗೆ ಹೇಳಿದ ಕೂಡಲೇ ನುಂಗಬೇಕು ಅನ್ನಿಸುತ್ತದೆ, ಅದೊಂದೇ ಕಷ್ಟ. ಸೂಜಿ ರಕ್ತ ತೆಗೆಯುವ ಸೂಜಿಗಿಂತ ಸಣ್ಣದು. ಒಳಗೆ ಹೋದ ಮೇಲೆ ಅದನ್ನು ಬೇಗ ಬೇಗ ಹಿಂದೆ ಮುಂದೆ ಆಡಿಸುತ್ತಾರೆ. ನೋವಿಗಿಂತ ಒತ್ತಿದ ಹಾಗಾಗುವುದೇ ಜಾಸ್ತಿ. ಆಮೇಲೆ ಸಿರಿಂಜಿನಲ್ಲಿದ್ದ ಒಂದೆರಡು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಹಾಕಿ, ಇನ್ನೊಂದು ಪಟ್ಟಿಯಿಂದ ತೆಳ್ಳಗೆ ಎಳೆದರು. ಪಟ್ಟಿಯ ತುದಿಯಲ್ಲಿ ಪೆನ್ಸಿಲಿನಲ್ಲಿ ನನ್ನ ನಂಬರು. ಕೆಲವನ್ನು ಸ್ಪಿರಿಟ್ ಡಬ್ಬಿಯಲ್ಲಿ ಮುಳುಗಿಸಿದರು, ಕೆಲವನ್ನು ಗಾಳಿಗೆ ಒಣಗಲು ಬಿಟ್ಟರು. ಹತ್ತಿ ಒತ್ತಿ ಹಿಡಿದುಕೊಂಡು ಹೊರಗೆ ಬಂದೆ. ಅಷ್ಟೇ. ಅವತ್ತೇ ಮನೆಗೆ ಬಂದು ಅಡುಗೆ ಮಾಡಿದೆ.

ರಿಪೋರ್ಟು ವಾಟ್ಸಾಪಿಗೆ ಬಂತು. ‘ಬೆಥೆಸ್ಡಾ ಕೆಟಗರಿ 3. ಅಟಿಪಿಯಾ ಆಫ್ ಅನ್‌ಡಿಟರ್ಮಿನ್ಡ್ ಸಿಗ್ನಿಫಿಕೆನ್ಸ್.’ ಕೆಳಗೆ ‘ಕ್ಲಿನಿಕಲ್ ಕೋರಿಲೇಶನ್ ಸೂಚಿಸಲಾಗಿದೆ’ ಅನ್ನೋ ಅರ್ಥದ ಒಂದು ಸಾಲು, ಅಂದರೆ ಡಾಕ್ಟರು ರೋಗಿಯನ್ನೂ ನೋಡಿ ಇದನ್ನು ಹೊಂದಿಸಿ ಅರ್ಥಮಾಡಿಕೊಳ್ಳಲಿ ಅಂತ. ಮಗಳು ಫೋನಿನಲ್ಲಿ ಹುಡುಕಿ ಓದಿ ಹೇಳಿದಳು. ಜೀವಕೋಶಗಳು ಪೂರ್ತಿ ಸಾಮಾನ್ಯವಾಗಿ ಕಾಣುತ್ತಿಲ್ಲ, ಆದರೆ ಅದಕ್ಕೆ ಏನರ್ಥ ಅಂತ ಹೇಳೋಕಾಗಲ್ಲ ಅಂತ. ಯಜಮಾನರು ಎರಡು ಸಲ ಕೇಳಿದರು, “ಅಂದ್ರೆ ಇದ್ಯೋ ಇಲ್ವೋ?” ಅವಳ ಹತ್ತಿರ ಉತ್ತರ ಇರಲಿಲ್ಲ.

ಆ ರಿಪೋರ್ಟು ಹಿಡಿದು ಹೋದ ಮೊದಲ ಕಡೆ ನಮಗೆ ಸಿಕ್ಕ ಸಮಯ ಬಹಳ ಕಮ್ಮಿ. ಆ ಡಾಕ್ಟರು ಕಾಗದ ನೋಡಿ, “ಪೂರ್ತಿ ಥೈರಾಯ್ಡ್ ತೆಗೆದುಬಿಡೋಣ, ಆಗ ಟೆನ್ಷನ್ನೇ ಇಲ್ಲ. ಮುಂದಿನ ವಾರ ಅಡ್ಮಿಟ್ ಆಗಿ” ಅಂದರು. ಪೂರ್ತಿ ಯಾಕೆ, ಅರ್ಧ ಸಾಕಾಗಲ್ವಾ ಅಂತ ಕೇಳುವಷ್ಟು ಆವಾಗ ನನಗೆ ಗೊತ್ತಿರಲಿಲ್ಲ. ಅವರೂ ಹೇಳಲಿಲ್ಲ. ಈಗಲೂ ಆ ಮಾತು ನೆನಪಾದರೆ ಸಿಟ್ಟು ಬರುತ್ತದೆ. ಪೂರ್ತಿ ತೆಗೆದರೆ ಜೀವನಪರ್ಯಂತ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮಾತ್ರೆ ನುಂಗಬೇಕು. ಗ್ರಂಥಿಯ ಹಿಂದೆ ಅಂಟಿಕೊಂಡಿರುವ, ಕ್ಯಾಲ್ಸಿಯಂ ನೋಡಿಕೊಳ್ಳುವ ನಾಲ್ಕು ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳಿಗೆ ಪೆಟ್ಟಾಗಬಹುದು. ಧ್ವನಿಯ ನರ ಎರಡೂ ಕಡೆ ಅಲ್ಲೇ ಹಾದು ಹೋಗುತ್ತದೆ. ಇಷ್ಟನ್ನೂ ಹೇಳಿ ಆಮೇಲೆ ಆಪರೇಷನ್ ಅಂದಿದ್ದರೆ ನಾನು ಒಪ್ಪುತ್ತಿದ್ದೆನೋ ಏನೋ.

ನನ್ನ ತಮ್ಮ ತಡೆದ. “ಸ್ಲೈಡ್ ಇಸ್ಕೊಂಡು ಇನ್ನೊಂದು ಕಡೆ ತೋರ್ಸೋಣ ಅಕ್ಕ” ಅಂದ. ಲ್ಯಾಬಿನಲ್ಲಿ ಕೇಳಿದರೆ ಸ್ಲೈಡ್, ಅಂದರೆ ಆ ಗಾಜಿನ ಪಟ್ಟಿ, ಕೊಡುತ್ತಾರೆ ಅನ್ನೋದೇ ನಮಗೆ ಹೊಸ ವಿಷಯ. ಅರ್ಜಿ ಬರೆದು ಸಹಿ ಹಾಕಿ ತಂದೆವು. ಸಣ್ಣ ಪ್ಲಾಸ್ಟಿಕ್ ಡಬ್ಬಿ. ಅದನ್ನು ಪೇಪರಿನಲ್ಲಿ ಸುತ್ತಿ, ಬ್ಯಾಗಿನಲ್ಲಿ ಇಡೋಕೆ ಧೈರ್ಯ ಸಾಲದೆ ತೊಡೆಯ ಮೇಲೇ ಇಟ್ಟುಕೊಂಡು ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋದೆ. ನಮ್ಮ ಕಡೆಯವರಿಗೆ ದೊಡ್ಡ ಕಾಯಿಲೆ ಅಂದರೆ ಒಂದೋ ಶಿವಮೊಗ್ಗದ ದಾರಿ, ಇಲ್ಲಾ ಘಾಟಿಯ ದಾರಿ.

ಅಲ್ಲಿ ಸಿಕ್ಕ ಡಾಕ್ಟರಮ್ಮ ಕೂರಿಸಿ ಮಾತಾಡಿದರು. ನನಗೆ ಬಂದ ಉತ್ತರ ಲ್ಯಾಬಿನವರ ಸೋಮಾರಿತನ ಅಲ್ಲ ಅಂತ ಮೊದಲು ಹೇಳಿದರು. ಬೆಥೆಸ್ಡಾ ಅಮೆರಿಕದ ಒಂದು ಊರು. ಅಲ್ಲಿ 2007ರಲ್ಲಿ ತಜ್ಞರು ಸೇರಿ, ಥೈರಾಯ್ಡ್ ಸೂಜಿ ಪರೀಕ್ಷೆಯ ರಿಪೋರ್ಟನ್ನು ಎಲ್ಲರೂ ಒಂದೇ ರೀತಿ ಬರೆಯಬೇಕು ಅಂತ ಆರು ದರ್ಜೆ ಮಾಡಿದರಂತೆ. 1 ಅಂದರೆ ಸ್ಯಾಂಪಲ್ ಸಾಲದು. 2 ಅಂದರೆ ಅಪಾಯವಿಲ್ಲದ ಗಡ್ಡೆ. 6 ಅಂದರೆ ಕ್ಯಾನ್ಸರ್. 5 ಬಹುತೇಕ ಅದರ ಹತ್ತಿರ. 3 ಮತ್ತು 4 ನಡುವಿನವು.

“ಸೂಜಿಯಲ್ಲಿ ಯಾಕೆ ಗೊತ್ತಾಗಲ್ಲ?” ಅಂತ ಯಜಮಾನರು ಕೇಳಿದರು. ಡಾಕ್ಟರಮ್ಮ, “ನಾಲ್ಕು ಹಲಸಿನ ತೊಳೆ ನನ್ನ ಕೈಗೆ ಕೊಟ್ಟು, ಆ ಹಣ್ಣಿನ ಸಿಪ್ಪೆ ಎಲ್ಲಾದರೂ ಒಡೆದಿತ್ತಾ ಅಂತ ಕೇಳಿದ್ರೆ ನಾನು ಹೇಗೆ ಹೇಳಲಿ? ಹಣ್ಣೇ ಬೇಕಲ್ಲ” ಅಂದರು. ಫಾಲಿಕ್ಯುಲರ್ ಅನ್ನುವ ಜಾತಿಯ ಗಡ್ಡೆಗಳಲ್ಲಿ ಒಳಗಿನ ಜೀವಕೋಶ ನೋಡಿ ಒಳ್ಳೆಯದು ಕೆಟ್ಟದ್ದು ಅಂತ ಬೇರೆ ಮಾಡೋಕಾಗುವುದಿಲ್ಲ. ಗಡ್ಡೆಯ ಸುತ್ತಲಿನ ಪೊರೆಯನ್ನಾಗಲಿ ರಕ್ತನಾಳವನ್ನಾಗಲಿ ಅದು ದಾಟಿದೆಯಾ ಅಂತ ನೋಡಬೇಕು. ಅದಕ್ಕೆ ಗಡ್ಡೆಯೇ ಹೊರಗೆ ಬರಬೇಕು. ಇಷ್ಟು ಕೇಳಿದ ಮೇಲೆ ನನ್ನ ಎದೆಯ ಭಾರ ಅರ್ಧ ಇಳಿಯಿತು. ಯಾರೋ ಏನೋ ಮುಚ್ಚಿಡುತ್ತಿದ್ದಾರೆ ಅನ್ನೋ ಅನುಮಾನ ಅಲ್ಲಿಗೆ ಹೋಯಿತು.

ಶೇಕಡಾವಾರು ಲೆಕ್ಕವನ್ನೂ ಕೇಳಿದೆ. 2023ರ ಪರಿಷ್ಕೃತ ಬೆಥೆಸ್ಡಾ ಪಟ್ಟಿಯಲ್ಲಿ 3ನೇ ದರ್ಜೆಗೆ ಕ್ಯಾನ್ಸರ್ ಸಾಧ್ಯತೆ ಸರಾಸರಿ 22 ಶೇಕಡಾ, 13ರಿಂದ 30ರ ನಡುವೆ. ಕೇಳಿದ ಕೂಡಲೇ ಹೆದರಿಕೆಯಾಗುತ್ತದೆ. ಆದರೆ ಅದು ಆಪರೇಷನ್ ಮಾಡಿಸಿಕೊಂಡವರ ಲೆಕ್ಕ. ಸ್ಕ್ಯಾನ್ ಚೆನ್ನಾಗಿದೆ ಅಂತ ಸುಮ್ನೆ ಬಿಟ್ಟವರು ಆ ಲೆಕ್ಕದಲ್ಲಿ ಇಲ್ಲ. 3ರ ಒಳಗೂ ಎರಡು ಬಗೆ ಇದೆ. ಜೀವಕೋಶದ ನ್ಯೂಕ್ಲಿಯಸ್ಸೇ ಬದಲಾದಂತೆ ಕಂಡರೆ ಅನುಮಾನ ಜಾಸ್ತಿ. ಜೀವಕೋಶಗಳು ಜೋಡಿಸಿಕೊಂಡ ರೀತಿ ಮಾತ್ರ ಬೇರೆ ಅನ್ನಿಸಿದರೆ ಕಮ್ಮಿ. ನನ್ನ ಸ್ಲೈಡುಗಳನ್ನು ಮತ್ತೆ ನೋಡಿದವರು ಎರಡನೇ ಬಗೆ ಅಂತ ಬರೆದರು. ಮೊದಲ ರಿಪೋರ್ಟಿನಲ್ಲಿ ಈ ವಿವರ ಇರಲಿಲ್ಲ. ಇಂಥ ಗಡ್ಡೆ ಇರುವವರು ಕೇಳಲೇಬೇಕಾದ ಪ್ರಶ್ನೆ ಇದು ಅಂತ ನನಗೆ ಅನ್ನಿಸುತ್ತದೆ.

ಇನ್ನೊಮ್ಮೆ ಸೂಜಿ ಪರೀಕ್ಷೆ ಮಾಡೋಣ, ಆದರೆ ಮೂರು ತಿಂಗಳು ಬಿಡೋಣ ಅಂದರು. ಚುಚ್ಚಿದ ಗಾಯ ಮಾಯುವಾಗ ಆಗುವ ಬದಲಾವಣೆಯೇ ಗೊಂದಲ ಮಾಡಬಾರದು ಅಂತ ಅವರ ಯೋಚನೆ. ಕೆಲವರು ಅಷ್ಟು ಕಾಯದೆಯೂ ಮಾಡುತ್ತಾರಂತೆ.

ಆ ಮೂರು ತಿಂಗಳು ನಮ್ಮ ಮಳೆಗಾಲ. ಕರೆಂಟಿಲ್ಲ, ನೆಟ್‌ವರ್ಕಿಲ್ಲ. ಮಳೆ ಸ್ವಲ್ಪ ಹೊಳವಾದರೆ ಸಾಕು, ಯಜಮಾನರು ಕೊಳೆರೋಗಕ್ಕೆ ಔಷಧಿ ಹೊಡೆಸೋಕೆ ತೋಟಕ್ಕೆ ಓಡುತ್ತಿದ್ದರು. ನನಗೆ ಹಗಲು ಹೇಗೋ ಕಳೆಯುತ್ತಿತ್ತು. ಮಕ್ಕಳ ಎದುರು ನಿಂತರೆ ಬೇರೆ ಏನೂ ನೆನಪಾಗುತ್ತಿರಲಿಲ್ಲ. ರಾತ್ರಿ ಮಾತ್ರ ಕೈ ತಾನಾಗೇ ಕುತ್ತಿಗೆಗೆ ಹೋಗುತ್ತಿತ್ತು. ಒತ್ತಿ ನೋಡೋದು, ನಿನ್ನೆಗಿಂತ ದೊಡ್ಡದಾಯ್ತಾ ಅಂತ ಅಂದಾಜು ಮಾಡೋದು. ಒತ್ತಿ ಒತ್ತಿ ಆ ಜಾಗ ನೋಯುತ್ತಿತ್ತು. ನೋವು ಬಂತಲ್ಲ ಅಂತ ಮತ್ತೆ ಭಯ. ಒಂದು ಮಿಲಿಮೀಟರಿನ ವ್ಯತ್ಯಾಸ ಬೆರಳಿಗೆ ಯಾವತ್ತೂ ಗೊತ್ತಾಗಲ್ಲ ಅಂತ ಡಾಕ್ಟರಮ್ಮ ಹೇಳಿದ್ದು ಆಮೇಲೆ ಕೆಲಸಕ್ಕೆ ಬಂತು. ಕೈ ಹೋದಾಗೆಲ್ಲ ಆ ಮಾತು ನೆನೆದು ಕೈ ಇಳಿಸುತ್ತಿದ್ದೆ. ರಾತ್ರಿ ಫೋನಿನಲ್ಲಿ ಇದರ ಬಗ್ಗೆ ಹುಡುಕಬಾರದು ಅಂತ ಮಗಳು ನಿಯಮ ಮಾಡಿದಳು. ಏನು ಅನುಮಾನ ಬಂದರೂ ಶಾಲೆಯ ಡೈರಿಯ ಹಿಂದಿನ ಹಾಳೆಯಲ್ಲಿ ಬರೆದಿಡೋದು, ಮುಂದಿನ ಸಲ ಕೇಳೋದು. ಬರೆದಿಟ್ಟರೆ ಪ್ರಶ್ನೆ ಅಲ್ಲಿರುತ್ತದೆ, ತಲೆಯಲ್ಲಿ ಸುತ್ತುವುದಿಲ್ಲ. ನನಗೆ ನಿಜವಾಗಿ ನಿದ್ದೆ ಕೊಟ್ಟಿದ್ದು ಆ ಹಾಳೆ.

ಅತ್ತೆಯವರದ್ದು ಬೇರೆಯೇ ವಿಚಾರ. “ನಮ್ಮ ಕಾಲದಲ್ಲಿ ಗಂಟಲಲ್ಲಿ ಗಡ್ಡೆ ಇದ್ದವ್ರು ಬೇಕಾದಷ್ಟು ಜನ ಇದ್ರು. ಹಾಗೇ ಗೇಯ್ಕೊಂಡು, ಮಕ್ಕಳು ಮೊಮ್ಮಕ್ಕಳನ್ನ ನೋಡ್ಕೊಂಡು ಹೋದ್ರು” ಅನ್ನುತ್ತಿದ್ದರು. ಅದು ಸುಳ್ಳಲ್ಲ. ಜೋರು ಮಳೆ ಬೀಳುವ ಗುಡ್ಡಗಾಡಿನಲ್ಲಿ ಮಣ್ಣಿನ ಅಯೋಡಿನ್ ತೊಳೆದು ಹೋಗುತ್ತದೆ. ಅಯೋಡಿನ್ ಕಮ್ಮಿಯಾದರೆ ಗಳಗಂಡ. ಸರ್ಕಾರ ಅದಕ್ಕಾಗಿ 1962ರಲ್ಲೇ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುಮಾಡಿತ್ತು. ಅಯೋಡಿನ್ ಉಪ್ಪು ಮನೆಮನೆಗೆ ಬಂದದ್ದು ಆ ದಾರಿಯಲ್ಲೇ. ಆದರೆ ಬೆಳೆದಿರುವ ಗಡ್ಡೆ ಉಪ್ಪು ಬದಲಿಸಿದರೆ ಕರಗುವುದಿಲ್ಲ. ನೆಂಟರೊಬ್ಬರು ತಾವು ತಗೊಳ್ಳುವ ಥೈರಾಯ್ಡ್ ಮಾತ್ರೆಯನ್ನೇ ನನಗೂ ಹೇಳಿದರು. ನನ್ನ ಟಿಎಸ್‌ಎಚ್ ಸರಿಯಿರುವಾಗ ಆ ಮಾತ್ರೆಯಿಂದ ಎದೆ ಬಡಿತ ಜಾಸ್ತಿಯಾಗಬಹುದು, ಮೂಳೆ ಸವೆಯಬಹುದು. ಗಡ್ಡೆ ಕರಗಿಸೋಕೆ ಅದನ್ನು ಈಗ ಕೊಡುವುದಿಲ್ಲ ಅಂತ ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದರು.

ಮಳೆ ಇಳಿದ ಮೇಲೆ ಎರಡನೇ ಸೂಜಿ ಪರೀಕ್ಷೆ ಆಯಿತು. ಈ ಸಲ ಸ್ಕ್ಯಾನ್ ನೋಡುತ್ತಲೇ ಸೂಜಿ ಹಾಕಿದರು. ಮತ್ತೆ ಬೆಥೆಸ್ಡಾ 3. ಎರಡನೇ ಸಲಕ್ಕೆ ತುಂಬಾ ಜನರಿಗೆ 2 ಬರುತ್ತದೆ ಅಂತ ಕೇಳಿ ಆಸೆ ಇಟ್ಟುಕೊಂಡಿದ್ದೆ. ಅವತ್ತು ಅತ್ತುಬಿಟ್ಟೆ. ಸುಳ್ಳು ಯಾಕೆ ಹೇಳಲಿ, ಕೆಟ್ಟದ್ದೇ ಆಗಿದ್ದರೂ ಸರಿ, ಗೊತ್ತಾದರೆ ಸಾಕಿತ್ತು ಅನ್ನಿಸಿಬಿಟ್ಟಿತ್ತು.

ಆಗಲೇ ಕೊನೆಕೊಯ್ಲು ಶುರುವಾಗಿತ್ತು. ಅಡಿಕೆ ಸುಲಿಯೋಕೆ ಅಕ್ಕಪಕ್ಕದವರು ಬಂದಿದ್ದರು. ಮೆಟ್ಟುಗತ್ತಿಯ ಮುಂದೆ ಕೂತು ಒಬ್ಬರು ಕೇಳಿದರು, “ಎಂತ ಬಂತು ಮಾರಾಯ್ತಿ ರಿಪೋರ್ಟು?”

“ಎಂತದೂ ಹೇಳಕ್ಕಾಗಲ್ಲ ಅಂತ ಬಂತು.”

ಕತ್ತಿಯ ಮೇಲಿನ ಕೈಗಳು ನಿಂತವು. ಯಾರೂ ನಂಬಲಿಲ್ಲ. ಒಬ್ಬರು “ಹೆದರ್ಬೇಡ, ಈಗೆಲ್ಲ ಗುಣ ಆಗ್ತದೆ” ಅಂತ ಸಮಾಧಾನ ಮಾಡಿದರು. ಇನ್ನೊಬ್ಬರು ಗುಟ್ಟಾಗಿ ನಾಟಿ ಔಷಧಿಯ ಹೆಸರು ಹೇಳಿದರು. ಅವರ ಪ್ರೀತಿಯಲ್ಲಿ ಕಡಿಮೆ ಏನಿರಲಿಲ್ಲ. ಆದರೆ ನನ್ನ ಉತ್ತರವನ್ನು ಅದಿದ್ದ ಹಾಗೇ ಒಪ್ಪಿಕೊಳ್ಳುವವರು ಸಿಗಲಿಲ್ಲ. ಎಲ್ಲರೂ ಅದನ್ನು ಕ್ಯಾನ್ಸರ್ ಅಂತಲೋ, ಏನೂ ಇಲ್ಲ ಅಂತಲೋ ಮಾಡಿಕೊಂಡು ಮನೆಗೆ ಒಯ್ದರು. ಗೊತ್ತಿಲ್ಲ ಅಂತ ಬಂದ ರಿಪೋರ್ಟು ಇರುವವರನ್ನು ಮಾತಾಡಿಸುವಾಗ “ಹೌದಾ, ಹಾಗಾದ್ರೆ ಮುಂದೆ ಯಾವಾಗ ತೋರಿಸ್ಬೇಕು?” ಅಂತ ಕೇಳಿದರೆ ಸಾಕು. ತಮ್ಮ ಹಾಗೆ ಕೇಳುತ್ತಿದ್ದ. ಅವನ ಫೋನ್ ಬಂದರೆ ಮಾತ್ರ ನನಗೆ ಹಾಯ್ ಅನ್ನಿಸುತ್ತಿತ್ತು.

ಮುಂದೆ ಎರಡು ದಾರಿ ಇತ್ತು. ಗಡ್ಡೆ ಇರುವ ಅರ್ಧ ಗ್ರಂಥಿ ತೆಗೆಸಿ ಪರೀಕ್ಷೆಗೆ ಕಳಿಸೋದು. ಇಲ್ಲವೇ ಸ್ಕ್ಯಾನ್ ಮಾಡಿಸುತ್ತಾ ಕಾಯೋದು. ಅಮೆರಿಕದಂಥ ಕಡೆ ಇಂಥ ಗಡ್ಡೆಗಳಿಗೆ ಜೀನ್ ಪರೀಕ್ಷೆಯನ್ನೂ ಬಳಸುತ್ತಾರೆ. ಅದರ ಖರ್ಚು ಕೇಳಿ ನಾವು ಆ ಮಾತು ಬಿಟ್ಟೆವು. ಅರ್ಧ ಗ್ರಂಥಿ ತೆಗೆಸಿದರೆ ಐದು ಜನರಲ್ಲಿ ಸುಮಾರು ಒಬ್ಬರಿಗೆ ಮಾತ್ರೆ ಬೇಕಾಗುತ್ತದೆ, ಉಳಿದವರಿಗೆ ಬಾಕಿ ಅರ್ಧವೇ ಸಾಕು. ಧ್ವನಿಯ ನರಕ್ಕೆ ಕಾಯಂ ಪೆಟ್ಟಾಗುವುದು ಅಪರೂಪ. ಆದರೂ ದಿನಾ ಪ್ರಾರ್ಥನೆ ಹೇಳಿಸುವ, ಗಂಟೆಗಟ್ಟಲೆ ಪಾಠ ಮಾಡುವ ನನಗೆ ಅಪರೂಪ ಅನ್ನೋ ಮಾತು ಸಣ್ಣದಾಗಿ ಕೇಳಲಿಲ್ಲ.

ಮನೆಯಲ್ಲಿ ಒಮ್ಮತ ಇರಲಿಲ್ಲ. ಯಜಮಾನರು, “ತೆಗೆಸಿಬಿಡು. ನಿಂಗೂ ನಿದ್ದೆ ಬರ್ತದೆ, ನಂಗೂ ಬರ್ತದೆ” ಅಂದರು. ಅವರು ಅಷ್ಟು ದಿನ ನಿದ್ದೆ ಮಾಡಿರಲಿಲ್ಲ ಅಂತ ನನಗೆ ಗೊತ್ತಾಗಿದ್ದು ಆಗಲೇ. ಆಸ್ಪತ್ರೆಯಲ್ಲಿ ಪಕ್ಕ ಕೂತಿದ್ದ ಶೃಂಗೇರಿ ಕಡೆಯವರೊಬ್ಬರು ಅರ್ಧ ತೆಗೆಸಿಕೊಂಡಿದ್ದರು. ಅಪಾಯವಿಲ್ಲದ ಗಡ್ಡೆ ಅಂತ ಬಂದಿತ್ತಂತೆ. ಹಾಗಾದರೆ ಸುಮ್ನೆ ಕೊಯ್ಸಿಕೊಂಡೆ ಅನ್ನಿಸುತ್ತಾ ಅಂತ ಕೇಳಿದೆ. “ಇಲ್ಲಪ್ಪ. ನಂಗೆ ತಡ್ಕೊಳ್ಳೋಕೆ ಆಗ್ತಿರ್ಲಿಲ್ಲ. ಗೊತ್ತಾಯ್ತಲ್ಲ, ಅಷ್ಟು ಸಾಕು” ಅಂದರು. ಅವರ ಮುಖದಲ್ಲಿ ನಿಜವಾದ ನೆಮ್ಮದಿ ಇತ್ತು. ಅವರ ಆಯ್ಕೆ ತಪ್ಪು ಅಂತ ಯಾರೂ ಹೇಳಬಾರದು. ಅನಿಶ್ಚಿತತೆ ತಡೆಯೋಕಾಗದೇ ಇರುವುದೂ ಆಪರೇಷನ್ನಿಗೆ ಒಂದು ಕಾರಣವೇ ಅಂತ ಡಾಕ್ಟರಮ್ಮನೂ ಹೇಳಿದ್ದರು.

ನಾನು ಕಾಯುವ ದಾರಿ ಹಿಡಿದೆ. ಸ್ಕ್ಯಾನಿನಲ್ಲಿ ಅನುಮಾನ ಕಮ್ಮಿ, ಕುತ್ತಿಗೆಯಲ್ಲಿ ಬೇರೆ ಗಂಟುಗಳಿಲ್ಲ, ಮನೆತನದಲ್ಲಿ ಥೈರಾಯ್ಡ್ ಕ್ಯಾನ್ಸರ್ ಇಲ್ಲ, ಚಿಕ್ಕಂದಿನಲ್ಲಿ ಕುತ್ತಿಗೆಗೆ ರೇಡಿಯೇಷನ್ ಆಗಿಲ್ಲ. ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದೆವು. ದಕ್ಷಿಣ ಕೊರಿಯಾದ ವಿಷಯವೂ ಮನಸ್ಸಿನಲ್ಲಿ ಉಳಿದಿತ್ತು. ಅಲ್ಲಿ ತುಂಬಾ ಜನರಿಗೆ ಕುತ್ತಿಗೆ ಸ್ಕ್ಯಾನ್ ಮಾಡತೊಡಗಿದ ಮೇಲೆ 2011ರಲ್ಲಿ ಥೈರಾಯ್ಡ್ ಕ್ಯಾನ್ಸರ್ ಪತ್ತೆ 1993ಕ್ಕಿಂತ 15 ಪಟ್ಟು ಆಗಿತ್ತು. ಅದರಿಂದ ಸಾಯುವವರ ಸಂಖ್ಯೆ ಮಾತ್ರ ಇದ್ದ ಹಾಗೇ ಇತ್ತು. ಅಂದರೆ ಥೈರಾಯ್ಡ್ ಕ್ಯಾನ್ಸರುಗಳಲ್ಲಿ ಎಷ್ಟೋ ನಿಧಾನವಾದವು, ಕೆಲವು ತಿಂಗಳು ಗಮನವಿಟ್ಟು ಕಾದರೆ ದೊಡ್ಡ ನಷ್ಟವಾಗುವ ಸಂಭವ ಕಮ್ಮಿ. ಇದನ್ನು ಯಜಮಾನರಿಗೆ ಡಾಕ್ಟರಮ್ಮನ ಬಾಯಿಂದಲೇ ಹೇಳಿಸಿದೆ. ನಾನು ಹೇಳಿದ್ದರೆ ಸಮಾಧಾನಕ್ಕೆ ಹೇಳ್ತಾಳೆ ಅಂದುಕೊಳ್ಳುತ್ತಿದ್ದರು.

ಕಾಯೋದು ಅಂದರೆ ಮರೆತುಬಿಡೋದಲ್ಲ. ಏನಾದರೆ ಕಾಯೋದು ನಿಲ್ಲಿಸಬೇಕು ಅನ್ನೋದನ್ನು ಅವತ್ತೇ ಡೈರಿಯಲ್ಲಿ ಬರೆಸಿಕೊಂಡೆ. ಆರು ತಿಂಗಳಿಗೆ ಸ್ಕ್ಯಾನ್, ಸಾಧ್ಯವಾದಷ್ಟೂ ಅದೇ ಜಾಗದಲ್ಲಿ. ಉದ್ದ, ಅಗಲ, ದಪ್ಪ ಈ ಮೂರರಲ್ಲಿ ಎರಡಾದರೂ 20 ಶೇಕಡಾ ಹೆಚ್ಚಬೇಕು, ಅದೂ ಕನಿಷ್ಠ 2 ಮಿಲಿಮೀಟರ್. ಆಗ ಮಾತ್ರ ಬೆಳೆದಿದೆ ಅಂತ ಲೆಕ್ಕ. ಧ್ವನಿ ಗೊಗ್ಗರಾಗಿ ಸರಿಹೋಗದೇ ಇದ್ದರೆ, ನುಂಗೋಕೆ ಕಷ್ಟವಾದರೆ, ಗಡ್ಡೆ ಬೇಗ ಬೇಗ ಬೆಳೆದರೆ, ಕುತ್ತಿಗೆಯ ಪಕ್ಕದಲ್ಲಿ ಹೊಸ ಗಂಟು ಸಿಕ್ಕರೆ ಆರು ತಿಂಗಳು ಕಾಯದೆ ಬರಬೇಕು.

ಈ ಲೆಕ್ಕ ಬರೆದಿಟ್ಟುಕೊಂಡದ್ದು ಎಷ್ಟು ಒಳ್ಳೆಯದಾಯಿತು ಅಂತ ಮೊದಲ ಸ್ಕ್ಯಾನಿನಲ್ಲೇ ಗೊತ್ತಾಯಿತು. ರಿಪೋರ್ಟಿನಲ್ಲಿ 27 ಅಂತ ಇತ್ತು. ಹಿಂದಿನದು 26. ಯಜಮಾನರ ಮುಖ ಇಳಿದುಹೋಯಿತು. ಡೈರಿ ತೆಗೆದು ತೋರಿಸಿದೆ. ಉದ್ದದಲ್ಲಿ 1 ಹೆಚ್ಚಿದೆ, ಅಗಲ ಮತ್ತು ದಪ್ಪ ಹಿಂದಿನಷ್ಟೇ ಇವೆ. ಅಳೆಯುವವರ ಕೈ ಒಂದು ಕೂದಲೆಳೆ ಆಚೀಚೆ ಆದರೂ ಅಷ್ಟು ವ್ಯತ್ಯಾಸ ಬರುತ್ತದೆ. ಡಾಕ್ಟರಮ್ಮನೂ ನೋಡಿ ಅದನ್ನೇ ಹೇಳಿದರು. ಟೈರಾಡ್ಸ್ ಈಗಲೂ 3. ಮುಂದಿನ ಸ್ಕ್ಯಾನಿಗೆ ಒಂದು ವರ್ಷ ಬಿಟ್ಟು ಬನ್ನಿ ಅಂದಿದ್ದಾರೆ. ಅದು ಬೇಸಿಗೆ ರಜೆಯಲ್ಲಿ ಬೀಳುತ್ತದೆ, ಶಾಲೆಗೆ ರಜಾ ಹಾಕಬೇಕಾಗಿಲ್ಲ. ಈ ಸಲ ಯಜಮಾನರು ತಾವೂ ಕೇಳಬೇಕಾದ್ದು ಇದೆ ಅಂತ ಡೈರಿಯ ಅದೇ ಹಾಳೆಯಲ್ಲಿ ನನ್ನ ಪ್ರಶ್ನೆಗಳ ಕೆಳಗೆ ಒಂದೆರಡು ಬರೆದಿಟ್ಟಿದ್ದಾರೆ.